ಬೊಂಡಾಸ್‌ನಲ್ಲಿ ಕ್ಯಾಡ್ಮಿಯಂ ಅಳೆಯುವ ಕ್ರಮ: ನನ್ನ ಅನುಭವ

ಮೀನಿನಲ್ಲಿ ಲೋಹ ಎಂದರೆ ಎಲ್ಲರೂ ಪಾದರಸದ ಮಾತೆತ್ತುತ್ತಾರೆ. ಬೊಂಡಾಸ್ (ಸ್ಕ್ವಿಡ್) ಮಟ್ಟಿಗೆ ನಾನು ಮೊದಲು ನೋಡುವುದು ಕ್ಯಾಡ್ಮಿಯಂ. ಅದು ತುಂಬಿಕೊಳ್ಳುವುದು ಜೀರ್ಣಗ್ರಂಥಿಯಲ್ಲಿ. ತಿನ್ನುವ ಬಿಳಿ ಮಾಂಸದಲ್ಲಿ ಅದಕ್ಕಿಂತ ಬಹಳ ಕಡಿಮೆ. ಆದರೆ ಇಡೀ ಬೊಂಡಾಸನ್ನು ಫ್ರೀಜ್ ಮಾಡಿ ಕರಗಿಸಿದರೆ ಗ್ರಂಥಿಯ ಜೀವಕೋಶಗಳು ಒಡೆದು ರಸ ಮಾಂಸಕ್ಕೆ ಇಳಿಯುತ್ತದೆ. ಆಮೇಲೆ ಎಷ್ಟೇ ನಾಜೂಕಾಗಿ ಅಳೆದರೂ ಸಿಗುವುದು ಆ ಸೋರಿಕೆಯೂ ಸೇರಿದ ಲೆಕ್ಕ. ಆದ್ದರಿಂದ ಐಸ್‌ನಲ್ಲಿ ತರಿಸಿ, ಹಸಿಯಿರುವಾಗಲೇ ಗ್ರಂಥಿ ಒಡೆಯದಂತೆ ಒಳಭಾಗ ತೆಗೆದು, ತೊಳೆದು, ಬೇರೆ ಹಲಗೆಯ ಮೇಲೆ ಮಾಂಸ ಕತ್ತರಿಸುತ್ತೇನೆ. ಫ್ರೀಜ್ ಆಗಿ ಬಂದ ಮಾದರಿಯಾದರೆ ವರದಿಯಲ್ಲಿ ಹಾಗೆಂದು ಬರೆಯಲೇಬೇಕು.

ಪ್ಲಾಸ್ಟಿಕ್ ಪಾತ್ರೆಗಳು ರಾತ್ರಿಯಿಡೀ 10% ನೈಟ್ರಿಕ್ ಆಮ್ಲದಲ್ಲಿ ನೆನೆದಿರಲಿ. ಮಾಂಸವನ್ನು ಆಮ್ಲದಲ್ಲಿ ಕರಗಿಸಲು ಬೇಕಾದದ್ದು: ರುಬ್ಬಿದ ಹಸಿ ಮಾಂಸ 0.5 ಗ್ರಾಂ, ಶುದ್ಧ ದರ್ಜೆಯ ನೈಟ್ರಿಕ್ ಆಮ್ಲ 5 ಮಿ.ಲೀ., ಹೈಡ್ರೋಜನ್ ಪೆರಾಕ್ಸೈಡ್ 1 ಮಿ.ಲೀ. ಮುಚ್ಚಳ ಹಾಕುವ ಮೊದಲು ಅರ್ಧ ಗಂಟೆ ತೆರೆದಿಡಬೇಕು. ನೊರೆ ಇಳಿಯದೆ ಮುಚ್ಚಿದರೆ ಮೈಕ್ರೋವೇವ್‌ನಲ್ಲಿ ಒತ್ತಡ ಏರಿ ಆಮ್ಲ ಸೋರುತ್ತದೆ, ಫಲಿತಾಂಶ ಕಡಿಮೆ ಬರುತ್ತದೆ. ನಿಧಾನವಾಗಿ 180 ಡಿಗ್ರಿಗೆ ಏರಿಸಿ, ಪೂರ್ತಿ ತಣಿದ ಮೇಲೆ ಹೊಗೆ ಎಳೆಯುವ ಕಪಾಟಿನೊಳಗೆ ತೆರೆದು 50 ಮಿ.ಲೀ.ಗೆ ಭರ್ತಿ ಮಾಡುತ್ತೇನೆ. ಅಲ್ಲಿಗೆ ನೂರು ಪಟ್ಟು ತೆಳುವಾಯಿತು: ಮಾಂಸದಲ್ಲಿ ಕಿಲೋಗೆ 1 ಮಿ.ಗ್ರಾಂ ಇದ್ದರೆ ಯಂತ್ರ ಲೀಟರ್‌ಗೆ 10 ಮೈಕ್ರೋಗ್ರಾಂ ತೋರಿಸಬೇಕು.

ಲೋಹಗಳನ್ನು ಪರಮಾಣುವಿನ ದ್ರವ್ಯರಾಶಿಯಿಂದ ಗುರುತಿಸಿ ಅಳೆಯುವ ಯಂತ್ರವಾದ ಐಸಿಪಿ-ಎಂಎಸ್‌ನಲ್ಲಿ ಕ್ಯಾಡ್ಮಿಯಂನ 111 ಮತ್ತು 114 ಎರಡೂ ದ್ರವ್ಯರಾಶಿಗಳನ್ನು ಓದಿ. 114ಕ್ಕೆ ತವರ ಅಡ್ಡ ಬರುತ್ತದೆ, 111ಕ್ಕೆ ಮಾಲಿಬ್ಡಿನಂ ಆಕ್ಸೈಡ್. ಎರಡೂ ತಾಳೆಯಾಗದಿದ್ದರೆ ಆ ಅಂಕಿಯನ್ನು ನಾನು ಹೊರಗೆ ಕೊಡುವುದಿಲ್ಲ. ಪ್ರತಿ ಸರದಿಯಲ್ಲೂ ಮಾಂಸವಿಲ್ಲದ ಖಾಲಿ ಮಾದರಿ ಒಂದು, ಕೆನಡಾದ ಡಾರ್ಮ್ ಸರಣಿಯಂಥ, ಲೋಹದ ಪ್ರಮಾಣ ಮೊದಲೇ ಗೊತ್ತಿರುವ ಪ್ರಮಾಣೀಕೃತ ಮಾದರಿ ಒಂದು ಇರಲೇಬೇಕು.

ಒಳಭಾಗ ತೆಗೆದ ಬೊಂಡಾಸ್‌ಗೆ ಯುರೋಪಿಯನ್ ಒಕ್ಕೂಟದ ಮಿತಿ ಕಿಲೋಗೆ 1 ಮಿ.ಗ್ರಾಂ. ಮಿತಿಯ ಅಂಚಿನಲ್ಲಿರುವ 200 ಗ್ರಾಂ ತಿಂದರೆ 200 ಮೈಕ್ರೋಗ್ರಾಂ ಒಳಸೇರುತ್ತದೆ. ಆಹಾರ ಸೇರ್ಪಡೆಗಳ ಕುರಿತ ಎಫ್‌ಎಒ-ಡಬ್ಲ್ಯುಎಚ್‌ಒ ಜಂಟಿ ತಜ್ಞರ ಸಮಿತಿ 2010ರಲ್ಲಿ ನಿಗದಿ ಮಾಡಿದ ಸಹನೀಯ ಸೇವನೆಯ ಮಿತಿ ದೇಹತೂಕದ ಪ್ರತಿ ಕಿಲೋಗೆ ತಿಂಗಳಿಗೆ 25 ಮೈಕ್ರೋಗ್ರಾಂ. 60 ಕಿಲೋ ತೂಗುವವರಿಗೆ ತಿಂಗಳಿಗೆ 1,500 ಮೈಕ್ರೋಗ್ರಾಂ. ಅಕ್ಕಿ, ಸೊಪ್ಪಿನಿಂದ ಬರುವ ಪಾಲೂ ಇದರಲ್ಲೇ ಸೇರಬೇಕು. ಹಾಗಿದ್ದರೂ ವಾರಕ್ಕೊಮ್ಮೆ ಅಷ್ಟು ತಿಂದರೆ ನಾಲ್ಕು ವಾರಕ್ಕೆ 800 ಆಗುವುದರಿಂದ, ಈ ಮಿತಿಯ ಲೆಕ್ಕದಲ್ಲಿ ವಾರಕ್ಕೊಮ್ಮೆ ಬೊಂಡಾಸ್ ಸುಕ್ಕ ತಿನ್ನುವವರು ಹೆದರಬೇಕಿಲ್ಲ.

ಬೇಯಿಸಿದರೆ, ಹುಳಿ ಹಾಕಿದರೆ ಲೋಹ ನಾಶವಾಗುವುದಿಲ್ಲ. ಮನೆಯಲ್ಲಿ ಮಾಡಬಹುದಾದದ್ದು ಒಂದೇ: ತಂದ ದಿನವೇ ಒಳಭಾಗ ತೆಗೆದು, ಚೆನ್ನಾಗಿ ತೊಳೆದು, ಆಮೇಲಷ್ಟೇ ಫ್ರೀಜರ್‌ಗೆ ಇಡಿ.