ಆತಂಕದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ: ಔಷಧದಂಗಡಿಯಲ್ಲಿ ನನ್ನ ಅನುಭವ

ಶಿಡ್ಲಘಟ್ಟದಲ್ಲಿ ನಾನು ಔಷಧದಂಗಡಿ ಆರಂಭಿಸಿ ಹನ್ನೆರಡು ವರ್ಷಗಳಾದವು. ಸಕ್ಕರೆ ಕಾಯಿಲೆಗೆ ಒಬ್ಬ ವೈದ್ಯರು ಬರೆದ ಚೀಟಿ ಮತ್ತು ಆತಂಕಕ್ಕೆ ಇನ್ನೊಬ್ಬ ವೈದ್ಯರು ಬರೆದ ಚೀಟಿ, ಎರಡನ್ನೂ ಒಬ್ಬರೇ ತಂದುಕೊಡುವುದು ನಮ್ಮಲ್ಲಿ ಅಪರೂಪವೇನಲ್ಲ. ‘ಟೆನ್ಷನ್ ಮಾತ್ರೆ’ ತೆಗೆದುಕೊಳ್ಳುತ್ತಿದ್ದೇನೆಂದು ಹೇಳಿಕೊಳ್ಳಲು ಜನ ಹಿಂಜರಿಯುವುದರಿಂದ ಶುಗರ್ ನೋಡುವ ವೈದ್ಯರಿಗೆ ಆ ಇನ್ನೊಂದು ಚೀಟಿಯ ಸುದ್ದಿಯೇ ತಿಳಿದಿರುವುದಿಲ್ಲ. ಎಷ್ಟೋ ಸಲ ಆ ಎರಡು ಚೀಟಿಗಳು ಮೊದಲ ಬಾರಿಗೆ ಎದುರಾಗುವುದು ನನ್ನ ಅಂಗಡಿಯಲ್ಲಿಯೇ. ಇದನ್ನು ನಾನು ಬಹಳ ತಡವಾಗಿ ಅರ್ಥಮಾಡಿಕೊಂಡೆ.

ನನ್ನ ಕಣ್ಣು ತೆರೆಸಿದವರು ಐವತ್ತು ದಾಟಿದ ಒಬ್ಬ ರೇಷ್ಮೆ ರೀಲರ್, ಅಂದರೆ ಗೂಡಿನಿಂದ ರೇಷ್ಮೆ ನೂಲು ಬಿಚ್ಚಿಸುವವರು. ಅವರು ತೆಗೆದುಕೊಳ್ಳುತ್ತಿದ್ದ ಸಕ್ಕರೆ ಮಾತ್ರೆಯೊಂದರಲ್ಲಿಯೇ ಗ್ಲಿಮೆಪಿರೈಡ್ 2 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಮತ್ತು ವೋಗ್ಲಿಬೋಸ್ 0.2 ಮಿಲಿಗ್ರಾಂ ಸೇರಿದ್ದವು. ಎದೆಬಡಿತ ಮತ್ತು ಕೈನಡುಕಕ್ಕೆಂದು ಬೇರೊಬ್ಬ ವೈದ್ಯರು ಪ್ರೊಪ್ರನೊಲಾಲ್ ಬರೆದು, ತೀರಾ ಗಾಬರಿಯಾದಾಗ ಮಾತ್ರ ನುಂಗಲು ಹತ್ತು ಅಲ್ಪ್ರಜೋಲಾಮ್ ಮಾತ್ರೆಗಳನ್ನು ಸೂಚಿಸಿದ್ದರು. ಅಲ್ಪ್ರಜೋಲಾಮ್ ಸರ್ಕಾರದ ಎಚ್1 ಪಟ್ಟಿಯಲ್ಲಿರುವ, ಮಾರಾಟದ ಮೇಲೆ ಕಟ್ಟುನಿಟ್ಟಿರುವ ಔಷಧ. 2014ರ ಮಾರ್ಚ್‌ನಿಂದ ಈ ಪಟ್ಟಿಯ ಔಷಧಗಳನ್ನು ಮಾರುವಾಗ ಬರೆದ ವೈದ್ಯರು ಯಾರು, ರೋಗಿ ಯಾರು, ಎಷ್ಟು ಮಾತ್ರೆ ಕೊಟ್ಟೆವು ಎಂಬುದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ದಾಖಲಿಸಿ ಮೂರು ವರ್ಷ ಇಟ್ಟುಕೊಳ್ಳಬೇಕು. ತಿಂಗಳಿಗೆ ಸಾಕಾಗಬೇಕಿದ್ದ ಹತ್ತು ಮಾತ್ರೆಗಳು ಎರಡನೆಯ ವಾರಕ್ಕೇ ಮುಗಿದು ಅವರು ಮತ್ತೆ ಬಂದದ್ದು ನನಗೆ ಗೊತ್ತಾದದ್ದು ಆ ರಿಜಿಸ್ಟರಿನಿಂದಲೇ. ಹೊಸ ಚೀಟಿಯಿಲ್ಲದೆ ಕೊಡಲಾಗದು ಎಂದು ತಿಳಿಸಿ, ಗಾಬರಿ ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಕೇಳಿದೆ.

“ಹನ್ನೊಂದು ಗಂಟೆ ಹೊತ್ತಿಗೆ ಮೇಡಂ. ಎದೆ ಏನೂ ಹೊಡ್ಕೊಳ್ಳಲ್ಲ, ಕೈನೂ ನಡುಗಲ್ಲ. ಬರೀ ಬೆವರು, ತಲೆ ಮಂಕಾಗುತ್ತೆ,” ಎಂದರು.

ರೇಷ್ಮೆಗೂಡಿನ ಮಾರುಕಟ್ಟೆಗೆ ಬೇಗ ಹೋಗಬೇಕಾದ್ದರಿಂದ ಅವರು ಬೆಳಗಿನ ಆರಕ್ಕೆ ಕಾಫಿಯೊಂದಿಗೆ ಮಾತ್ರೆ ನುಂಗಿ, ಹರಾಜು ಮುಗಿಸಿ ಮನೆಗೆ ಮರಳಿದ ಮೇಲಷ್ಟೇ ಮುದ್ದೆ ಉಣ್ಣುತ್ತಿದ್ದರು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಔಷಧ. ಹೊಟ್ಟೆಯಲ್ಲಿ ಊಟವಿದೆಯೋ ಇಲ್ಲವೋ ಎಂದು ಅದು ಕಾಯುವುದಿಲ್ಲ. ಸಾಮಾನ್ಯವಾಗಿ ಸಕ್ಕರೆ ಇಳಿದಾಗ ದೇಹ ಅಡ್ರಿನಲಿನ್ ಬಿಡುಗಡೆ ಮಾಡುತ್ತದೆ, ಎದೆ ಬಡಿಯುತ್ತದೆ, ಕೈ ನಡುಗುತ್ತದೆ, ಮನುಷ್ಯ ಎಚ್ಚೆತ್ತು ಏನಾದರೂ ತಿನ್ನುತ್ತಾನೆ. ಪ್ರೊಪ್ರನೊಲಾಲ್ ತಡೆಯುವುದು ಆ ಎದೆಬಡಿತ ಮತ್ತು ನಡುಕವನ್ನೇ. ಬೆವರು ಬೇರೆ ನರಮಾರ್ಗದಿಂದ ಬರುವುದರಿಂದ ಅದೊಂದು ಮಾತ್ರ ಉಳಿಯುತ್ತದೆ. ಇದರ ಜೊತೆಗೆ ಯಕೃತ್ತು ತನ್ನ ಸಂಗ್ರಹದಿಂದ ಸಕ್ಕರೆ ಬಿಟ್ಟು ದೇಹವನ್ನು ಮೇಲೆತ್ತುವ ಕೆಲಸವನ್ನೂ ಪ್ರೊಪ್ರನೊಲಾಲ್ ನಿಧಾನಗೊಳಿಸಬಲ್ಲದು. ಉಳಿದ ಆ ಒಂದೇ ಸೂಚನೆಯನ್ನೂ ಅವರು ಗಾಬರಿಯೆಂದು ತಿಳಿದು ಮೇಲಿಂದ ಅಲ್ಪ್ರಜೋಲಾಮ್ ನುಂಗಿ ಮಂಪರಿನಲ್ಲಿ ಕೂರುತ್ತಿದ್ದರು. ಆ ಎರಡೂ ಚೀಟಿಗಳ ಔಷಧವನ್ನು ನಾಲ್ಕು ತಿಂಗಳ ಕಾಲ ನಾನೇ ಒಂದೇ ಕವರಿನಲ್ಲಿ ಹಾಕಿ ಕೊಟ್ಟಿದ್ದೆ ಎಂಬುದು ನೆನಪಾದಾಗ ಇಂದಿಗೂ ನೋವಾಗುತ್ತದೆ.

ಬೆವರು ಬಂದೊಡನೆ ಮಾತ್ರೆ ನುಂಗದೆ ನೇರವಾಗಿ ಅಂಗಡಿಗೆ ಬರುವಂತೆ ಹೇಳಿದ್ದೆ. ಎರಡು ದಿನಗಳ ನಂತರ ಅಂಗಿ ಒದ್ದೆಯಾಗಿ ಬಂದರು. ಬೆರಳು ಚುಚ್ಚಿ ನೋಡಿದರೆ ಶುಗರ್ 52. 70ಕ್ಕಿಂತ ಕೆಳಗಿದ್ದರೇ ಕಡಿಮೆ, 54ಕ್ಕಿಂತ ಕೆಳಗಿಳಿದರೆ ಅಪಾಯ. ಪಕ್ಕದ ಟೀ ಅಂಗಡಿಯವರು ಅಷ್ಟರಲ್ಲಿ ಸಕ್ಕರೆ ನೀರು ಕುಡಿಸಿದ್ದರು. ಹದಿನೈದು ನಿಮಿಷ ಬಿಟ್ಟು ನೋಡಿದರೆ 55, ಅಷ್ಟೇ. ಆಗ ನನಗೆ ವೋಗ್ಲಿಬೋಸ್ ನೆನಪಾಯಿತು. ಮನೆಯ ಸಕ್ಕರೆಯಾಗಲಿ ಬೆಲ್ಲವಾಗಲಿ ಕರುಳಿನಲ್ಲಿ ಒಡೆದು ಗ್ಲುಕೋಸ್ ಆಗುವುದನ್ನೇ ಆ ಔಷಧ ತಡೆಹಿಡಿಯುತ್ತದೆ. ಅದನ್ನು ಸೇವಿಸುವವರಿಗೆ ಒಡೆಯುವ ಅಗತ್ಯವೇ ಇಲ್ಲದ ಗ್ಲುಕೋಸ್ ಪುಡಿಯನ್ನೇ ಕೊಡಬೇಕು. ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿದೆ. ಮತ್ತೆ ಹದಿನೈದು ನಿಮಿಷಕ್ಕೆ 78 ಬಂದಿತು. ಪ್ರಜ್ಞೆ ಮಂಕಾಗಿ ನುಂಗಲಾಗದ ಸ್ಥಿತಿಯಲ್ಲಿದ್ದಿದ್ದರೆ ನಾನು ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕಾಗುತ್ತಿತ್ತು.

ಅಂದೇ ಅವರನ್ನು ಕೂರಿಸಿಕೊಂಡು, ಅವರ ಒಪ್ಪಿಗೆ ಪಡೆದು, ಇಬ್ಬರೂ ವೈದ್ಯರಿಗೆ ಫೋನ್ ಮಾಡಿ ಮಾತ್ರೆಯ ಹೆಸರು, ನುಂಗುವ ಹೊತ್ತು, ಶುಗರ್ ಅಂಕಿಗಳನ್ನು ಓದಿ ಹೇಳಿದೆ. ಶುಗರ್ ವೈದ್ಯರು ಗ್ಲಿಮೆಪಿರೈಡನ್ನು 1 ಮಿಲಿಗ್ರಾಂಗೆ ಇಳಿಸಿ, ತಿಂಡಿ ತಟ್ಟೆ ಮುಂದಿಟ್ಟುಕೊಂಡೇ ಮಾತ್ರೆ ನುಂಗಬೇಕೆಂದು ಹೇಳಿದರು. ಇನ್ನೊಬ್ಬ ವೈದ್ಯರು ಪ್ರೊಪ್ರನೊಲಾಲನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಅದನ್ನು ದಿಢೀರನೆ ಬಿಟ್ಟರೆ ಎದೆಬಡಿತ, ರಕ್ತದೊತ್ತಡ ಏರಬಹುದೆಂಬ ಕಾರಣಕ್ಕೆ ಆ ಇಳಿತದ ದಿನಾಂಕಗಳನ್ನು ನಾನು ಅವರ ಕ್ಯಾಲೆಂಡರಿನ ಮೇಲೆಯೇ ಬರೆದುಕೊಟ್ಟೆ.

ಅಲ್ಲಿಂದ ಮುಂದೆ ಸಕ್ಕರೆ ಕಾಯಿಲೆಯ ಜೊತೆಗೆ ಆತಂಕದ ಔಷಧವನ್ನೂ ಕೊಳ್ಳುವ ಪ್ರತಿಯೊಬ್ಬರಿಗೂ ಒಂದು ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಮೀಸಲಿಟ್ಟಿದ್ದೇನೆ. ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲದಲ್ಲಿ ತರಲು ಹೇಳುತ್ತೇನೆ. ಯಾವ ಮಾತ್ರೆ ಎಂದು ಶುರುವಾಯಿತು, ಎಂದು ನಿಂತಿತು, ಆ ದಿನಗಳಲ್ಲಿ ಶುಗರ್ ಎಷ್ಟಿತ್ತು ಎಂಬುದನ್ನು ಬರೆಯುತ್ತೇನೆ. ದಿನಾಂಕ ಮುಖ್ಯವೆಂದು ತೋರಿಸಿಕೊಟ್ಟದ್ದು ಒಬ್ಬ ನಿವೃತ್ತ ಶಿಕ್ಷಕಿಯ ಪುಟ. ಗ್ಲಿಮೆಪಿರೈಡ್ ಸೇವಿಸುತ್ತಿದ್ದ ಅವರಿಗೆ ಆತಂಕಕ್ಕೆ ಕೊಡುವ ಫ್ಲುಯೊಕ್ಸೆಟಿನ್ ಆರಂಭವಾದ ಮೂರನೆಯ ವಾರದಿಂದ ಖಾಲಿಹೊಟ್ಟೆಯ ಶುಗರ್ 120ರ ಆಸುಪಾಸಿನಿಂದ 80ರ ಕೆಳಗೆ ಇಳಿಯಿತು. ಫ್ಲುಯೊಕ್ಸೆಟಿನ್ ತಾನಾಗಿಯೂ ಸಕ್ಕರೆಯನ್ನು ಇಳಿಸಬಲ್ಲದು, ಯಕೃತ್ತಿನಲ್ಲಿ ಗ್ಲಿಮೆಪಿರೈಡ್ ಕರಗುವ ವೇಗವನ್ನೂ ತಗ್ಗಿಸಬಲ್ಲದು. ವೈದ್ಯರು ಪ್ರಮಾಣ ಹೊಂದಿಸಿದರು. ಕೆಲವು ತಿಂಗಳ ಬಳಿಕ ಮನಸ್ಸು ಹಗುರವಾಯಿತೆಂದು ಅವರು ಯಾರಿಗೂ ಹೇಳದೆ ಫ್ಲುಯೊಕ್ಸೆಟಿನ್ ಬಿಟ್ಟರು. ಆ ಔಷಧದ ಅಂಶ ದೇಹದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಶುಗರ್ ಏರಿದ್ದು ತಕ್ಷಣವಲ್ಲ, ಒಂದೂವರೆ ತಿಂಗಳ ನಂತರ. ಅಷ್ಟು ಹೊತ್ತಿಗೆ ಅವರು ಮದುವೆ ಮನೆಯ ಊಟವನ್ನು ದೂರುತ್ತಿದ್ದರು. ಪುಟ ತಿರುವಿದಾಗ ಕಾರಣ ಕಣ್ಣೆದುರಿಗಿತ್ತು.

ನಿದ್ದೆಗೆಂದು ಓಲಾಂಜಪಿನ್ ಅಥವಾ ಕ್ವೆಟಿಯಾಪಿನ್ ಬರೆದಿದ್ದರೆ ನನ್ನ ಗಮನ ಸಕ್ಕರೆಯ ಏರಿಕೆಯ ಕಡೆಗೆ ತಿರುಗುತ್ತದೆ, ಏಕೆಂದರೆ ಇವು ತೂಕವನ್ನೂ ಶುಗರನ್ನೂ ಹೆಚ್ಚಿಸಬಲ್ಲವು. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಶುಗರ್ ಡೌನ್ ಆಗುವುದು ಅಪರೂಪ. ಅವರಿಗೆ ಆತಂಕದ ಇನ್ನೊಂದು ಔಷಧವಾದ ಸರ್ಟ್ರಲಿನ್ ಜೊತೆಯಾದಾಗ ಹೆಚ್ಚಾಗಿ ಕಾಡುವುದು ಹೊಟ್ಟೆ ತೊಳಸುವಿಕೆ ಮತ್ತು ಭೇದಿ. ಎರಡಕ್ಕೂ ಅದೇ ಗುಣವಿರುವುದರಿಂದ ಎರಡನ್ನೂ ಒಂದೇ ವಾರದಲ್ಲಿ ಆರಂಭಿಸಿದ್ದರೆ ಯಾವುದರಿಂದ ತೊಂದರೆಯೆಂದು ತಿಳಿಯುವುದಿಲ್ಲ.

ಪ್ರಮಾಣ ಬದಲಿಸುವುದಾಗಲಿ ಮಾತ್ರೆ ನಿಲ್ಲಿಸುವುದಾಗಲಿ ನನ್ನ ಕೆಲಸವಲ್ಲ. ಎರಡು ಬಗೆಯ ಮಾತ್ರೆಗಳು ಒಂದಕ್ಕೊಂದು ತೊಡಕಾಗಬಹುದೆಂದು ಕೇಳಿದ ಹೆದರಿಕೆಗೆ ಆತಂಕದ ಔಷಧವನ್ನೇ ಬಿಟ್ಟವರನ್ನೂ ಕಂಡಿದ್ದೇನೆ. ಆತಂಕಕ್ಕೆ ಚಿಕಿತ್ಸೆಯಿಲ್ಲದಿದ್ದರೆ ಊಟ, ನಿದ್ದೆ, ಮಾತ್ರೆಯ ಹೊತ್ತು ಎಲ್ಲವೂ ತಪ್ಪಿ ಶುಗರ್ ಇನ್ನಷ್ಟು ಕೆಡುತ್ತದೆ. ಆದ್ದರಿಂದ ನಾನು ಪುಟದ ಪ್ರತಿ ತೆಗೆದು ಎರಡೂ ಚೀಟಿಗಳಿಗೆ ಪಿನ್ ಹೊಡೆದು ಕಳುಹಿಸುತ್ತೇನೆ. ವೈದ್ಯರ ಬಳಿ ಬಾಯಿಬಿಟ್ಟು ಹೇಳಲು ಸಂಕೋಚಪಡುವವರೂ ಆ ಹಾಳೆಯನ್ನು ಮೇಜಿನ ಮೇಲೆ ಇಡಲು ಹಿಂಜರಿಯುವುದಿಲ್ಲ. ಆ ರೀಲರ್ ಈಗ ಹರಾಜಿಗೆ ಹೋಗುವಾಗ ಜೇಬಿನಲ್ಲಿ ಗ್ಲುಕೋಸ್ ಪೊಟ್ಟಣ ಇಟ್ಟುಕೊಂಡಿರುತ್ತಾರೆ. ಬೆವರಿದರೆ ಮೊದಲು ಬೆರಳು ಚುಚ್ಚಿ ನೋಡುತ್ತಾರೆ, ಅಂಕಿ ಸರಿಯಾಗಿದ್ದರೆ ಮಾತ್ರ ಅದು ಗಾಬರಿಯೆಂದು ಭಾವಿಸುತ್ತಾರೆ. ಕಳೆದ ತಿಂಗಳು ತಮ್ಮ ಬಿಚ್ಚಣಿಕೆ ಘಟಕದಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬರನ್ನು ಮಾತ್ರೆಗಳ ಚೀಲದ ಸಮೇತ ಅವರೇ ಕರೆತಂದರು.