ಒಂದೇ ರಾಗದ ಹಲವು ಧ್ವನಿಮುದ್ರಣಗಳಲ್ಲಿ ಆಯ್ಕೆ ಮಾಡುವ ಬಗೆ

ಕಲಬುರಗಿಯ ಬೇಸಿಗೆಯಲ್ಲಿ ಕೂಲರ್ ಓಡುತ್ತಿರುವ ಕೋಣೆಯೊಳಗೆ ಕುಳಿತು ಹಿಂದೂಸ್ತಾನಿ ಗಾಯನದ ಎರಡು ಧ್ವನಿಮುದ್ರಣಗಳನ್ನು ಹೋಲಿಸಲು ಹೋದರೆ ಮೊದಲು ಮುಚ್ಚಿಹೋಗುವುದು ತಂಬೂರಿಯ ನಾದ. ತಂಬೂರಿ ಕೇಳಿಸದಿದ್ದರೆ ಗಾಯಕರು ಷಡ್ಜಕ್ಕೆ (ಆಧಾರ ಸ್ವರವಾದ ‘ಸ’ಗೆ) ಹೇಗೆ ಬಂದು ನಿಲ್ಲುತ್ತಾರೆ ಎಂಬುದೂ ತಿಳಿಯುವುದಿಲ್ಲ. ಆದ್ದರಿಂದ ಈ ಹೋಲಿಕೆಯ ಕೆಲಸಕ್ಕೆ ಬಿಸಿಲೇರುವ ಮುನ್ನಿನ ಹೊತ್ತು ಅಥವಾ ಫ್ಯಾನು ನಿಲ್ಲಿಸಿ ಕುಳಿತುಕೊಳ್ಳಬಹುದಾದ ರಾತ್ರಿ ಒಳ್ಳೆಯದು. ಇಯರ್‌ಫೋನ್ ಇದ್ದರೆ ಇನ್ನೂ ಅನುಕೂಲ.

ಹೋಲಿಕೆ ಅರ್ಥಪೂರ್ಣವಾಗಬೇಕಾದರೆ ರಾಗ ಒಂದೇ ಇರಬೇಕು. ಸಾಧ್ಯವಾದರೆ ಚೀಜೂ (ಹಾಡುವ ರಚನೆಯೂ) ಒಂದೇ ಇರಲಿ. ಒಬ್ಬರ ವಿಲಂಬಿತವನ್ನು (ನಿಧಾನ ಗತಿಯದನ್ನು) ಇನ್ನೊಬ್ಬರ ದ್ರುತದೊಂದಿಗೆ (ವೇಗದ ಗತಿಯದರೊಂದಿಗೆ) ಪಕ್ಕಪಕ್ಕ ಇಟ್ಟರೆ ದ್ರುತವೇ ಗೆಲ್ಲುತ್ತದೆ, ಏಕೆಂದರೆ ಕಿವಿ ವೇಗಕ್ಕೆ ಬೇಗ ಒಲಿಯುತ್ತದೆ. ಅದೇ ರೀತಿ ಸ್ವಲ್ಪ ದೊಡ್ಡ ದನಿಯಲ್ಲಿ ಕೇಳಿಸುವ ಮುದ್ರಣವೇ ಉತ್ತಮವೆಂದು ಅನ್ನಿಸುವುದರಿಂದ, ಎರಡನ್ನೂ ಸಮನಾದ ದನಿಗೆ ತಂದುಕೊಂಡ ಮೇಲೆಯೇ ಕೇಳಬೇಕು.

ಶುದ್ಧಕಲ್ಯಾಣ ರಾಗವನ್ನೇ ತೆಗೆದುಕೊಳ್ಳೋಣ. ಈ ರಾಗದ ಆರೋಹ (ಸ್ವರಗಳ ಏರಿಕೆ) ಭೂಪ ರಾಗದಂತೆಯೇ ಐದು ಸ್ವರಗಳದ್ದು. ಅವರೋಹದಲ್ಲಿ (ಇಳಿಕೆಯಲ್ಲಿ) ನಿಷಾದವೂ ತೀವ್ರ ಮಧ್ಯಮವೂ ಮೀಂಡಿನ (ಸ್ವರದಿಂದ ಸ್ವರಕ್ಕೆ ಜಾರುವಿಕೆಯ) ಮೂಲಕ ಬಂದುಹೋಗುತ್ತವೆ. ಆ ನಿಷಾದವನ್ನು ಎಷ್ಟರಮಟ್ಟಿಗೆ ತೋರಿಸಬೇಕು ಎಂಬುದರಲ್ಲಿ ಗಾಯಕರಿಂದ ಗಾಯಕರಿಗೆ ವ್ಯತ್ಯಾಸವಿದೆ. ಕೆಲವರು ಅದನ್ನು ಸ್ಪಷ್ಟವಾಗಿ ಮುಟ್ಟುತ್ತಾರೆ, ಕೆಲವರು ಮೇಲಿನ ಷಡ್ಜದಿಂದ ಧೈವತಕ್ಕೆ ಜಾರುವಾಗ ಸೋಕಿಸಿ ಬಿಡುತ್ತಾರೆ. ನೀವು ಕೇಳಬೇಕಾದುದು ಆ ಜಾರುವಿಕೆಯನ್ನು. ಮೊದಲ ಹತ್ತು ನಿಮಿಷಗಳಲ್ಲಿ ಮಂದ್ರ ಸಪ್ತಕಕ್ಕೆ (ಕೆಳಗಿನ ಸ್ಥಾಯಿಗೆ) ಎಷ್ಟು ಜಾಗ ಸಿಕ್ಕಿದೆ, ಗಾಂಧಾರದ ಮೇಲೆ ಎಷ್ಟು ಹೊತ್ತು ನಿಂತಿದ್ದಾರೆ, ಪ್ರತಿ ಆವರ್ತನದ (ತಾಳದ ಸುತ್ತಿನ) ಕೊನೆಯಲ್ಲಿ ಮುಖಡಾ (ಚೀಜಿನ ಆರಂಭದ ನುಡಿ) ಆತುರದಿಂದ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬೀಳುತ್ತದೆಯೋ ಸಹಜವಾಗಿ ಬಂದು ಸೇರುತ್ತದೆಯೋ ಎಂಬುದನ್ನು ಗಮನಿಸಿ, ಅದೇ ಭಾಗವನ್ನು ಇನ್ನೊಂದು ಮುದ್ರಣದಲ್ಲಿ ಕೂಡಲೇ ಕೇಳಿದರೆ, ತಾನುಗಳ (ವೇಗದ ಸ್ವರಸರಣಿಗಳ) ಅಬ್ಬರದಲ್ಲಿ ಕಾಣದ ವ್ಯತ್ಯಾಸಗಳು ಇಲ್ಲಿ ತಾವಾಗಿಯೇ ಎದ್ದು ಕಾಣುತ್ತವೆ. ಭೀಮಸೇನ ಜೋಶಿಯವರ ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ಬಢತ್‌ನಲ್ಲಿ, ಅಂದರೆ ರಾಗವನ್ನು ಹಂತಹಂತವಾಗಿ ಬೆಳೆಸುವಲ್ಲಿ, ಒಂದೊಂದು ಸ್ವರವೂ ನಿಧಾನವಾಗಿ ತೆರೆದುಕೊಳ್ಳುತ್ತದೆ. ಜಯಪುರ-ಅತ್ರೌಲಿ ಘರಾಣೆಯ ಮಲ್ಲಿಕಾರ್ಜುನ ಮನ್ಸೂರರಲ್ಲಿ ಲಯದ ಹೆಣಿಗೆ ಬಿಗಿಯಾಗಿದ್ದು, ಮಾತು ಮುಗಿಯುವ ಮುನ್ನವೇ ಮುಂದಿನ ಮಾತು ಹುಟ್ಟಿರುತ್ತದೆ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು ನ್ಯಾಯವಲ್ಲ; ಎರಡು ಘರಾಣೆಗಳಿಂದ ಒಂದೊಂದನ್ನು ಇಟ್ಟುಕೊಳ್ಳುವುದೇ ಲೇಸು.

ಮುದ್ರಣದ ಕಾಲವನ್ನೂ ನೋಡಬೇಕು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಗ್ರಾಮಫೋನ್ ಪ್ಲೇಟುಗಳಲ್ಲಿ ತೆಳುವಾದ, ಎತ್ತರದ ಕಂಠ ಕೇಳುತ್ತದೆ. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಆಳಕ್ಕಿಳಿದು, ನಮಗೆ ಪರಿಚಿತವಾದ ಆ ಗಂಭೀರ ನಾದವಾಯಿತು. ಹೆಸರೊಂದನ್ನೇ ನೋಡಿ ಕೊಂಡವರಿಗೆ ಇಲ್ಲಿ ಗೊಂದಲವಾಗುತ್ತದೆ. ಅದಲ್ಲದೆ ನಿಮಿಷಕ್ಕೆ 78 ಸುತ್ತಿನ ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷವಷ್ಟೇ ಹಿಡಿಯುತ್ತಿದ್ದುದರಿಂದ ಅಬ್ದುಲ್ ಕರೀಂ ಖಾನರಂಥವರು ಇಡೀ ರಾಗವನ್ನು ಆ ಮಿತಿಯೊಳಗೆ ಹಿಡಿದು ತೋರಿಸಬೇಕಾಯಿತು. ರಾಗದ ಮುಖಚರ್ಯೆಯನ್ನು ಗುರುತಿಸಲು ಅವುಗಳಿಗಿಂತ ಒಳ್ಳೆಯ ಪಾಠವಿಲ್ಲವೆಂದು ನಾನು ಭಾವಿಸುತ್ತೇನೆ. ಬಢತ್ ಕಲಿಯಲು ಮಾತ್ರ ನಲವತ್ತು ನಿಮಿಷದ ಬೈಠಕ್ (ಕಛೇರಿ) ಮುದ್ರಣವೇ ಬೇಕು.

ಹಳೆಯ ಪ್ಲೇಟಿನಿಂದ ಇಳಿಸಿಕೊಂಡ ಪ್ರತಿಯಾದರೆ ವೇಗವನ್ನು ಪರೀಕ್ಷಿಸಿ. ನಿಮಿಷಕ್ಕೆ 78ರ ಬದಲು 82-83 ಸುತ್ತು ತಿರುಗಿದ್ದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಏರಿ, ಲಯವೂ ಚುರುಕಾಗಿ, ಕಂಠ ಕಿರಿದಾಗುತ್ತದೆ. ಪೇಟಿಯ (ಹಾರ್ಮೋನಿಯಂ) ಮೇಲೆ ಗಾಯಕರ ಷಡ್ಜವನ್ನು ಹುಡುಕಿ, ಅದೇ ಕಾಲದ ಅವರ ಬೇರೆ ಮುದ್ರಣಗಳ ಷಡ್ಜದೊಂದಿಗೆ ತಾಳೆ ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಗರಗರ ಸದ್ದು ಪೂರ್ತಿ ಅಳಿಸಿಹೋಗುವಷ್ಟು ಶುದ್ಧಗೊಳಿಸಿದ ಪ್ರತಿಗಳ ಬಗ್ಗೆ ನನಗೆ ವಿಶ್ವಾಸ ಕಡಿಮೆ. ಸದ್ದಿನ ಜೊತೆಗೆ ತಂಬೂರಿಯ ಜವಾರಿಯೂ (ತಂತಿಯ ಝೇಂಕಾರವೂ) ತಬಲಾದ ಚಾಟಿಯ (ಅಂಚಿನ ಹೊಡೆತದ) ಮೊನಚೂ ಅಳಿಸಿರುತ್ತವೆ. ಗರಗರಕ್ಕೆ ಕಿವಿ ಐದು ನಿಮಿಷದಲ್ಲಿ ಒಗ್ಗಿಕೊಳ್ಳುತ್ತದೆ; ಕಳೆದುಹೋದ ಜವಾರಿಯನ್ನು ಮರಳಿ ತರಲಾಗುವುದಿಲ್ಲ. ಸಭೆಯ ಮುದ್ರಣ ಮತ್ತು ಸ್ಟುಡಿಯೋ ಮುದ್ರಣ ಎರಡೂ ಸಿಕ್ಕರೆ, ಕೆಮ್ಮು, ಚಪ್ಪಾಳೆಗಳಿದ್ದರೂ ನಾನು ಸಭೆಯದನ್ನೇ ಆರಿಸುತ್ತೇನೆ. ಆದರೆ ಪೇಟಿ ಗಾಯಕರನ್ನೇ ಮುಚ್ಚುವಂತೆ ಮೈಕು ಇಟ್ಟಿದ್ದರೆ ಅದನ್ನು ಬಿಟ್ಟುಬಿಡುವುದು ಒಳಿತು.

ಹಳೆಯ ಎಲ್‌ಪಿಯನ್ನೇ ಕೊಳ್ಳುವವರು ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿದು ಅಂಚು ಬಾಗಿದೆಯೇ ಎಂದು ನೋಡಬೇಕು. ನಮ್ಮ ಕಡೆಯ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ ಪೇರಿಸಿಟ್ಟ ಪ್ಲೇಟುಗಳು ಸುಲಭವಾಗಿ ಡೊಂಕಾಗುತ್ತವೆ, ಮತ್ತು ಡೊಂಕಾದ ಪ್ಲೇಟಿನಲ್ಲಿ ನಿಡಿದಾದ ಸ್ವರ ಅಲುಗಾಡಿದಂತೆ ಕೇಳಿಸುತ್ತದೆ. ಅಂಥ ಪ್ರತಿಯಿಂದ ಗಾಯಕರ ಸ್ವರಶುದ್ಧಿಯ ಬಗ್ಗೆ ಯಾವ ತೀರ್ಮಾನಕ್ಕೂ ಬರಬಾರದು.