ಒಂದು ದಿನಕ್ಕೆ ಒಂದೇ ಕಸುಬು ಸಾಕು

ಶಾಲೆಯ ಮಕ್ಕಳನ್ನು ಕುಂಬಾರರ ಹತ್ತಿರವೋ ನೇಕಾರರ ಹತ್ತಿರವೋ ಕರೆದುಕೊಂಡು ಹೋಗುವ ಟೀಚರುಗಳಿಗೆ ಒಂದು ಮಾತು. ಒಂದೇ ದಿನಕ್ಕೆ ನಾಲ್ಕೈದು ಜಾಗ ಸೇರಿಸಬೇಡಿ. ಒಂದೇ ಕಸುಬನ್ನು ನಿಧಾನವಾಗಿ ನೋಡಲಿ.

ಮೊದಲು ನೀವೊಬ್ಬರೇ ಹೋಗಿ ಬನ್ನಿ. ಮಕ್ಕಳನ್ನು ಕರೆತರುವ ದಿನ ಯಾವ ಕೆಲಸ ನಡೆಯುತ್ತದೆ ಅಂತ ಕೇಳಿ. ಮಡಕೆ ಒಂದೇ ದಿನದಲ್ಲಿ ಆಗುವುದಿಲ್ಲ ಅಲ್ವಾ? ಮಣ್ಣು ತುಳಿಯಬೇಕು, ತಿಗರಿ (ಕುಂಬಾರರ ಚಕ್ರ) ಮೇಲೆ ಎತ್ತಬೇಕು, ನೆರಳಲ್ಲಿ ಒಣಗಿಸಬೇಕು, ಆಮೇಲೆ ಆವಿಗೆಯಲ್ಲಿ, ಅಂದ್ರೆ ಮಡಕೆ ಸುಡುವ ಗೂಡಿನಲ್ಲಿ, ಸುಡಬೇಕು. ಹಾಗಾಗಿ ಒಂದೇ ಅಳತೆಯಲ್ಲಿ ಮಾಡಿದ ಹಸಿ ಮಡಕೆ, ಒಣಗಿದ್ದು, ಸುಟ್ಟಿದ್ದು ಮೂರನ್ನೂ ಪಕ್ಕಪಕ್ಕ ಇಟ್ಟಿರಲು ಕೇಳಿಕೊಳ್ಳಿ. ಒಣಗಿದ್ದು ಚಿಕ್ಕದಾಗಿ ಕಾಣುತ್ತದೆ, ಯಾಕಂದ್ರೆ ನೀರು ಆರಿದಂತೆ ಮಣ್ಣು ಕುಗ್ಗುತ್ತದೆ. ಚೆನ್ನಾಗಿ ಸುಟ್ಟ ಮಡಕೆಯನ್ನು ಬೆರಳಿನಿಂದ ತಟ್ಟಿದರೆ ಟಣ್ ಅನ್ನುತ್ತದೆ. ಮಕ್ಕಳು ಸರದಿ ಪ್ರಕಾರ ತಟ್ಟಿ ನೋಡಲಿ, ಆ ಸದ್ದು ಅವರು ಮರೆಯುವುದಿಲ್ಲ.

ಮಗ್ಗದ ಹತ್ತಿರವಾದರೆ ಹಾಸು ಯಾವುದು, ಹೊಕ್ಕು ಯಾವುದು ಅಂತ ಅವರೇ ಹುಡುಕಲಿ. ಉದ್ದಕ್ಕೆ ಬಿಗಿದ ನೂಲು ಹಾಸು, ನೂಲು ಸುತ್ತಿದ ಲಾಳಿಯ ಜೊತೆ ಅಡ್ಡ ಓಡುವುದು ಹೊಕ್ಕು. ಕೇಳದೆ ನೂಲು ಮುಟ್ಟಬಾರದು ಅಂತ ಮೊದಲೇ ಹೇಳಿರಿ. ಒಂದು ಎಳೆ ಕಡಿದರೂ ನೇಯುವುದನ್ನು ನಿಲ್ಲಿಸಿ ಗಂಟು ಹಾಕಬೇಕಾಗುತ್ತದೆ.

ಎಂಟು ಹತ್ತು ಮಕ್ಕಳ ಗುಂಪು ಮಾಡಿ. ಜಾಸ್ತಿಯಾದರೆ ಹಿಂದೆ ನಿಂತವರಿಗೆ ಸುಮ್ನೆ ಬೆನ್ನು ಮಾತ್ರ ಕಾಣುತ್ತದೆ. ಫೋಟೋಗೂ ಅನುಮತಿ ಕೇಳಿ.

ಇನ್ನೊಂದು, ಇದು ನನಗೆ ಬಹಳ ಮುಖ್ಯ. ನಿಮಗೆ ತೋರಿಸುವಷ್ಟು ಹೊತ್ತು ಅವರ ದುಡಿಮೆ ನಿಂತಿರುತ್ತದೆ. ಆ ಹೊತ್ತಿನ ಕೂಲಿಯನ್ನು ಮೊದಲೇ ಮಾತಾಡಿ, ಹೊರಡುವ ಮುಂಚೆ ಕೈಗೆ ಕೊಡಿ.